ದಿಬ್ಬದ ದೂಳು, ಮೂಗಿನ ಬ್ಯಾಕ್ಟೀರಿಯಾ

ಆಷಾಢದ ಗಾಳಿ ಎದ್ದಿತೆಂದರೆ ಕೋಲಾರ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಕಡೆಯ ಮನೆಗಳಲ್ಲಿ ಹಗಲಲ್ಲೇ ಕಿಟಕಿ ಮುಚ್ಚುತ್ತಾರೆ. ಆದರೂ ಸಂಜೆಯ ಹೊತ್ತಿಗೆ ಕಿಟಕಿಯ ಅಂಚಿನಲ್ಲಿ, ಒಣಹಾಕಿದ ಬಟ್ಟೆಯಲ್ಲಿ, ಬಿಂದಿಗೆಯ ಮುಚ್ಚಳದ ಮೇಲೆ ಮಾಸಲು ಬಣ್ಣದ ಪುಡಿ ಕೂತಿರುತ್ತದೆ. ಬೆರಳಲ್ಲಿ ಉಜ್ಜಿದರೆ ಮರಳಿನ ಒರಟು ಸಿಗುವುದಿಲ್ಲ, ಅಷ್ಟು ನುಣುಪು. ಅದು ಸೈನೈಡ್ ದಿಬ್ಬದ ದೂಳು.

1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಲ್ಲಿಂದ 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವವರೆಗೆ ನೆಲದಾಳದಿಂದ ಬಂದ ಅದಿರನ್ನೆಲ್ಲ ಇಲ್ಲೇ ಪುಡಿ ಮಾಡಿದರು. 1887ರಲ್ಲಿ ಗ್ಲಾಸ್ಗೊದಲ್ಲಿ ಹುಟ್ಟಿದ ಸೈನೈಡ್ ವಿಧಾನಕ್ಕೆ ಕಲ್ಲು ನುಣ್ಣಗಿದ್ದಷ್ಟೂ ಒಳ್ಳೆಯದು, ಚಿನ್ನ ಬೇಗ ಕರಗಿ ಬರುತ್ತದೆ. ಚಿನ್ನ ಹೋಯಿತು, ಪುಡಿ ಉಳಿಯಿತು. ಹಾಗೆ ಉಳಿದದ್ದು 13 ದಿಬ್ಬ, ಮೂರು ಕೋಟಿ ಟನ್ನಿಗೂ ಹೆಚ್ಚು. ಹೆಸರು ಸೈನೈಡಿನದಾದರೂ ಬಿಸಿಲು ಗಾಳಿಗೆ ಸೈನೈಡ್ ಕಾಲಕ್ರಮೇಣ ಕಳೆದುಹೋಗುತ್ತದೆ. ಗಾಳಿಯಲ್ಲಿ ಹಾರಿಬರುವುದರಲ್ಲಿ ಹೆಚ್ಚಿನದು ಬೆಣಚುಕಲ್ಲು ಬೆರೆತ ಬಂಡೆಯ ಪುಡಿ.

ಈ ಪುಡಿ ಏನು ಮಾಡಬಲ್ಲದೆಂಬುದು ಈ ಊರಿಗೆ ಹೊಸ ವಿಷಯವಲ್ಲ. 1940ರಿಂದ 46ರವರೆಗೆ ಇಲ್ಲಿನ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 43.7ರಷ್ಟು ಮಂದಿಯ ಶ್ವಾಸಕೋಶದಲ್ಲಿ ಕಲ್ಲುದೂಳಿನಿಂದ ಬರುವ ಸಿಲಿಕೋಸಿಸ್ ಇತ್ತು. 1947ರಲ್ಲಿ ಬಂದ ಆ ವರದಿಯೇ ಭಾರತದಲ್ಲಿ ಈ ರೋಗದ ಮೊದಲ ದಾಖಲೆ. ಅತಿ ಸಣ್ಣ ಕಣ ಎದೆಗೆ ಇಳಿಯುತ್ತದೆ, ಸ್ವಲ್ಪ ದಪ್ಪನೆಯದು ಮೂಗಿನಲ್ಲೇ ನಿಲ್ಲುತ್ತದೆ. ಮೂಗಿನ ಕಾಯಿಲೆಯಿಂದ ಸಾಯುವವರು ತೀರ ವಿರಳವಾದ್ದರಿಂದ ಅದನ್ನು ಯಾರೂ ದೊಡ್ಡದಾಗಿ ಎಣಿಸುವುದಿಲ್ಲ. ತಲೆಭಾರ, ಕೆನ್ನೆಯ ಮೂಳೆಯಲ್ಲಿ ನೋವು, ಗಂಟಲಿಗೆ ಇಳಿಯುವ ಕಫ, ಒಗ್ಗರಣೆ ಹಾಕಿದರೂ ತಿಳಿಯದ ವಾಸನೆ: 12 ವಾರ ದಾಟಿದರೆ ವೈದ್ಯರು ಇದನ್ನು ದೀರ್ಘಕಾಲದ ಸೈನುಸೈಟಿಸ್ ಎನ್ನುತ್ತಾರೆ. ನಮ್ಮಲ್ಲಿ 'ಸೈನಸ್ ಇದೆ' ಎಂದು ಹೇಳಿ ವರ್ಷಗಟ್ಟಲೆ ಹಾಗೇ ಬದುಕುತ್ತಾರೆ.

ಸೈನಸ್ ಎಂಬ, ಕೆನ್ನೆಯ ಮೂಳೆಯೊಳಗಿನ ಪೊಳ್ಳನ್ನು 1651ರಲ್ಲಿ ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್ ವಿವರವಾಗಿ ಬರೆದರು. ಮುಂದೆ ಬಹುಕಾಲ ವೈದ್ಯಲೋಕ ನಂಬಿದ್ದು ಇಷ್ಟು: ಆರೋಗ್ಯವಂತರ ಸೈನಸ್‌ನಲ್ಲಿ ಕ್ರಿಮಿಯೇ ಇಲ್ಲ, ಕೀವಾದರೆ ಹೊರಗಿನ ಕ್ರಿಮಿ ಹೊಕ್ಕಿದೆ, ತೂತು ಮಾಡಿ ಕೀವು ತೆಗೆ. 1893ರಲ್ಲಿ ನ್ಯೂಯಾರ್ಕಿನ ವೈದ್ಯ ಕಾಲ್ಡ್‌ವೆಲ್, 1897ರಲ್ಲಿ ಪ್ಯಾರಿಸ್ಸಿನ ವೈದ್ಯ ಲೂಕ್ ಮೇಲುತುಟಿಯೊಳಗಿನ ಒಸಡಿನಿಂದ ಕೊರೆದು ಕೀವು ಹೊರಹಾಕಿದರು. ಕೀವು ಕೆಳಗೆ ಇಳಿಯಲೆಂದು ತಳದಲ್ಲಿ ದಾರಿ ಮಾಡಿಕೊಟ್ಟರು. ಆದರೂ ಹಲವರಿಗೆ ಕಾಯಿಲೆ ಮರುಕಳಿಸುತ್ತಿತ್ತು.

ಏಕೆಂದು ತಿಳಿಯಲು ಲೋಳೆ ಹರಿಯುವ ದಿಕ್ಕನ್ನು ನೋಡಬೇಕಾಯಿತು. ಮೂಗಿನ ಒಳಪೊರೆಯಲ್ಲಿ ಕಣ್ಣಿಗೆ ಕಾಣದ ಕೂದಲುಗಳಿವೆ. ಅವು ಸೆಕೆಂಡಿಗೆ ಸುಮಾರು 10 ಸಲ ಬಡಿಯುತ್ತ ಲೋಳೆಯನ್ನು, ಅದಕ್ಕೆ ಅಂಟಿದ ದೂಳು ಕ್ರಿಮಿಗಳನ್ನು ಗಂಟಲಿನತ್ತ ತಳ್ಳುತ್ತವೆ. ಕೆನ್ನೆಯ ಸೈನಸ್ಸಿನ ಸಹಜ ಬಾಯಿ ಇರುವುದು ಮೇಲ್ಗಡೆ. ಆದ್ದರಿಂದ ಅಲ್ಲಿನ ಲೋಳೆ ಮೇಲಕ್ಕೆ ಹತ್ತಿಯೇ ಹೊರಬರಬೇಕು. ಆಸ್ಟ್ರಿಯಾದ ಗ್ರಾಜ್ ನಗರದ ವೈದ್ಯ ವಾಲ್ಟರ್ ಮೆಸರ್‌ಕ್ಲಿಂಗರ್ ಕಂಡದ್ದು ಇದನ್ನೇ: ತಳದಲ್ಲಿ ಎಷ್ಟೇ ದೊಡ್ಡ ತೂತು ಮಾಡಿದರೂ ಲೋಳೆ ಅದನ್ನು ಬಿಟ್ಟು ಹಳೆಯ ಬಾಯಿಯ ಕಡೆಗೇ ಹೋಗುತ್ತದೆ. ಈಗಿನ ಎಂಡೋಸ್ಕೋಪಿಕ್ ಶಸ್ತ್ರಚಿಕಿತ್ಸೆ ಹುಟ್ಟಿದ್ದು ಈ ತಿಳಿವಳಿಕೆಯಿಂದ.

ಈ ಕೂದಲು ಕೆಲಸ ಮಾಡುತ್ತಿದೆಯೇ ಎಂದು ನೋಡಲು ದುಬಾರಿ ಯಂತ್ರವೇನೂ ಬೇಡ. ವೈದ್ಯರು ಮೂಗಿನೊಳಗೆ, ತುಸು ಹಿಂದಕ್ಕೆ, ಸ್ಯಾಕರಿನ್ನಿನ ಒಂದು ಕಣ ಇಡುತ್ತಾರೆ. ಸೀನಬಾರದು, ಮೂಗೇರಿಸಬಾರದು, ಆಗಾಗ ಎಂಜಲು ನುಂಗುತ್ತ ಸುಮ್ಮನೆ ಕೂತಿರಬೇಕು. ಒಳಪೊರೆ ಆರೋಗ್ಯವಾಗಿದ್ದರೆ 10ರಿಂದ 20 ನಿಮಿಷದಲ್ಲಿ ನಾಲಿಗೆಗೆ ಸಿಹಿ ಹತ್ತುತ್ತದೆ. ಅರ್ಧ ಗಂಟೆಯಾದರೂ ಸಿಹಿ ಬರದಿದ್ದರೆ ಲೋಳೆಯ ಸಾಗಾಟ ಕುಂದಿದೆ ಎಂದರ್ಥ. ದೂಳು, ಹೊಗೆ, ಪದೇಪದೇ ಬರುವ ನೆಗಡಿ ಎಲ್ಲವೂ ಈ ಸಾಗಾಟವನ್ನು ಕುಂದಿಸುತ್ತವೆ. ಬೆಳಗ್ಗೆ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುವವರಿಗೆ ಇಲ್ಲಿ ದಿಬ್ಬದ ದೂಳು, ಅಲ್ಲಿ ವಾಹನಗಳ ಹೊಗೆ.

ಹಾಗಾದರೆ ಬ್ಯಾಕ್ಟೀರಿಯಾ? ಕಳೆದ ಕಾಲು ಶತಮಾನದಲ್ಲಿ ಇದರ ಚಿತ್ರವೇ ಬದಲಾಯಿತು. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷ ಒಳಪೊರೆಯ ಉರಿಯೂತವನ್ನು ಕೆರಳಿಸಿ ಮೂಗಿನಲ್ಲಿ ದುರ್ಮಾಂಸ ಬೆಳೆಯಲು ನೆರವಾಗುತ್ತದೆಂದು ಬೆಲ್ಜಿಯಂನ ಗೆಂಟ್‌ ವಿಜ್ಞಾನಿಗಳು ತೋರಿಸಿದರು. ರೋಗಿಗಳ ಸೈನಸ್ ಗೋಡೆಯಲ್ಲಿ ಬ್ಯಾಕ್ಟೀರಿಯಾ ಬಯೊಫಿಲ್ಮ್ ಕಟ್ಟಿಕೊಂಡಿರುವುದು 2004ರಲ್ಲಿ ಕಾಣಿಸಿತು. ನೀರು ತುಂಬಿಟ್ಟ ಡ್ರಮ್ಮಿನ ಒಳಮೈಯಲ್ಲಿ ಕೈಗೆ ಜಾರುವ ಲೋಳೆಯೂ ಬಯೊಫಿಲ್ಮೇ. ಅದರೊಳಗೆ ಅಡಗಿದ ಬ್ಯಾಕ್ಟೀರಿಯಾಗಳಿಗೆ ಆ್ಯಂಟಿಬಯೊಟಿಕ್ ಅಷ್ಟು ಸುಲಭವಾಗಿ ತಾಗುವುದಿಲ್ಲ. ವಂಶವಾಹಿ ಪರೀಕ್ಷೆ ಬಂದ ಮೇಲೆ ಇನ್ನೊಂದು ಸಂಗತಿ ಹೊರಬಿತ್ತು. ಆರೋಗ್ಯವಂತರ ಸೈನಸ್ಸಿನಲ್ಲೂ ಬ್ಯಾಕ್ಟೀರಿಯಾ ಇವೆ, ಸ್ಟ್ಯಾಫಿಲೊಕಾಕಸ್ಸೂ ಇದೆ! ಹಲವು ಅಧ್ಯಯನಗಳಲ್ಲಿ ರೋಗಿಗಳಲ್ಲಿ ಕಂಡ ವ್ಯತ್ಯಾಸವೆಂದರೆ ಬಗೆಬಗೆಯ ಬ್ಯಾಕ್ಟೀರಿಯಾ ಕಡಿಮೆಯಾಗಿ ಒಂದೆರಡರ ಕೈ ಮೇಲಾಗಿರುವುದು. ಉರಿಯೂತ ಮೊದಲೋ ಈ ಏರುಪೇರು ಮೊದಲೋ ಎಂಬ ಚರ್ಚೆ ನಡೆದೇ ಇದೆ. ಬ್ಯಾಕ್ಟೀರಿಯಾ ಒಂದನ್ನೇ ದೂರಿದರೆ ಕಾಯಿಲೆ ಬಗೆಹರಿಯದು ಎಂಬುದರಲ್ಲಿ ಮಾತ್ರ ಅನುಮಾನ ಉಳಿದಿಲ್ಲ.

ಆದ್ದರಿಂದ ಮೂಗು ಕಟ್ಟಿದಾಗಲೆಲ್ಲ ಮೆಡಿಕಲ್ ಶಾಪಿನಲ್ಲಿ ಆ್ಯಂಟಿಬಯೊಟಿಕ್ ಕೇಳಿ ಪಡೆದು, ಮೂರು ದಿನ ನುಂಗಿ ಬಿಡುವುದು ನಿಲ್ಲಬೇಕು. ಅದು ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ, ಉಳಿದವುಗಳಿಗೆ ಔಷಧಿಯನ್ನೇ ಜಯಿಸಲು ಕಲಿಸುತ್ತದೆ. ಈ ಕಾಯಿಲೆಗೆ ಮೊದಲ ಆಸರೆ ಉಪ್ಪುನೀರಿನಿಂದ ಮೂಗು ತೊಳೆಯುವುದು ಮತ್ತು ವೈದ್ಯರು ಬರೆದುಕೊಡುವ ಸ್ಟಿರಾಯ್ಡ್ ಸ್ಪ್ರೇ. ಕಾಲು ಲೀಟರ್ ನೀರಿಗೆ ಅರ್ಧ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಸಾಕು. ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಿರಬೇಕು. ಡ್ರಮ್ಮಿನ ನೀರನ್ನು ನೇರವಾಗಿ ಮೂಗಿಗೆ ಬಿಡಬೇಡಿ. ಒಂದೇ ಕಡೆ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದರೆ ಮೇಲ್ದವಡೆಯ ಹಲ್ಲನ್ನೂ ತೋರಿಸಿ. ಕಣ್ಣು ಊದಿದರೆ, ದೃಷ್ಟಿ ಮಸುಕಾದರೆ ಅಂದೇ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಮೂಗು ತೊಳೆದರೂ ದಿಬ್ಬ ಹಾಗೇ ಇರುತ್ತದೆ. ಈ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಊರಿಗೆ ಕೆಲಸ ಸಿಗುವುದಾದರೆ ಅದು ಬೇಡವೆನ್ನಲಾರೆ. ಆದರೆ ಮೊದಲ ಯಂತ್ರ ದಿಬ್ಬ ಅಗೆಯುವ ಮುಂಚೆ, 1940ರ ದಶಕದಲ್ಲಿ ಕಾರ್ಮಿಕರನ್ನು ಪರೀಕ್ಷಿಸಿದ ಹಾಗೆಯೇ ದಿಬ್ಬದ ಮಗ್ಗುಲಲ್ಲಿ ವಾಸಿಸುವವರ ಮೂಗು, ಎದೆ ಎರಡನ್ನೂ ಸರ್ಕಾರ ಪರೀಕ್ಷಿಸಿ ದಾಖಲಿಸಬೇಕು. ಅಗೆಯುವ ಕಡೆ ನೀರು ಚಿಮುಕಿಸಬೇಕು, ಅಗೆಯದ ಕಡೆ ಹುಲ್ಲು, ಗಿಡ ಬೆಳೆಸಬೇಕು. ಕೆಜಿಎಫ್‌ನ ಜನ ಈ ಬೇಡಿಕೆಯನ್ನು ಈಗಲೇ ಬರಹದಲ್ಲಿ ಸಲ್ಲಿಸಲಿ.