ಹ್ಯಾಂಬಲ್ಡನ್: ಕ್ರಿಕೆಟ್ಟಿಗೆ ಕಟ್ಟಳೆ ಕೊಟ್ಟ ಹಳ್ಳಿ ಕ್ಲಬ್

ಕ್ರಿಕೆಟ್ ಬ್ಯಾಟಿನ ಅಗಲ 4.25 ಇಂಚು ಮೀರುವಂತಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟೆಸ್ಟ್ ಆಡುವವರಿಗೂ ಇದೇ ನಿಯಮ, ಹುಬ್ಬಳ್ಳಿಯಲ್ಲಿ ಲೀಗ್ ಆಡುವ ಹುಡುಗನಿಗೂ ಇದೇ ನಿಯಮ. ಸುಮಾರು ಎರಡೂವರೆ ಶತಮಾನದ ಹಿಂದೆ ಈ ಅಳತೆಯನ್ನು ಕಾಗದದ ಮೇಲೆ ಬರೆದು ಕೆಳಗೆ ಸಹಿ ಹಾಕಿದವರು ಇಂಗ್ಲೆಂಡಿನ ಒಂದು ಹಳ್ಳಿ ಕ್ಲಬ್ಬಿನ ಮೂವರು ಆಟಗಾರರು. ಆ ಹಳ್ಳಿಯ ಹೆಸರು ಹ್ಯಾಂಬಲ್ಡನ್.

ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಶೈರ್ ಜಿಲ್ಲೆಯಲ್ಲಿ, ಪೋರ್ಟ್ಸ್‌ಮತ್ ಬಂದರಿನ ಉತ್ತರಕ್ಕೆ, ಸೀಮೆಸುಣ್ಣದ ಗುಡ್ಡಗಳ ನಡುವೆ ಈ ಊರಿದೆ. ಊರಿನಿಂದ ಸ್ವಲ್ಪ ದೂರದಲ್ಲಿ, ಗಾಳಿ ಬೀಸುವ ಎತ್ತರದ ಬಯಲೊಂದಿದೆ. ಅದೇ ಬ್ರಾಡ್‌ಹಾಫ್‌ಪೆನಿ ಡೌನ್. ಬಯಲಿನ ಎದುರಿಗೆ ರಸ್ತೆ ದಾಟಿದರೆ ‘ಬ್ಯಾಟ್ ಆ್ಯಂಡ್ ಬಾಲ್’ ಎಂಬ ಹಳೆಯ ಹೋಟೆಲು. ಕ್ರಿಕೆಟ್ ಹುಟ್ಟಿದ್ದೇ ಇಲ್ಲಿ ಎಂದು ಕೆಲವರು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ಈ ಕ್ಲಬ್ಬಿಗಿಂತ ಒಂದೂವರೆ ಶತಮಾನ ಮೊದಲೇ ಇಂಗ್ಲೆಂಡಿನ ಆಗ್ನೇಯ ಭಾಗದ ಹುಡುಗರು ಕ್ರಿಕೆಟ್ ಆಡುತ್ತಿದ್ದರು. 1744ರಲ್ಲೇ ಲಂಡನ್ನಿನಲ್ಲಿ ನಿಯಮಗಳನ್ನು ಬರೆದಿಟ್ಟಿದ್ದರು. ಆದರೆ ಹಳ್ಳಿ ಆಟಕ್ಕೆ ಶಿಸ್ತು, ಕೌಶಲ ಮತ್ತು ಗೌರವ ಒಟ್ಟಿಗೆ ದೊರೆತದ್ದು ಹ್ಯಾಂಬಲ್ಡನ್‌ನಲ್ಲಿ.

ಹೋಟೆಲಿನವ, ಬ್ಯಾಟ್ ಮಾಡುವವ, ಕುಂಬಾರ

1760ರ ದಶಕದಿಂದ ಮೂರು ದಶಕ ಈ ಕ್ಲಬ್ಬು ಇಂಗ್ಲಿಷ್ ಕ್ರಿಕೆಟ್ಟಿನ ಯಜಮಾನನಂತೆ ಮೆರೆಯಿತು. ನಾಯಕ ರಿಚರ್ಡ್ ನೈರನ್ ‘ಬ್ಯಾಟ್ ಆ್ಯಂಡ್ ಬಾಲ್’ ಹೋಟೆಲನ್ನು ನಡೆಸುತ್ತಿದ್ದವನು. ಮೈದಾನದ ಉಸ್ತುವಾರಿಯೂ ಅವನದೇ, ತಂಡದ ಲೆಕ್ಕಾಚಾರವೂ ಅವನದೇ. ಪ್ರಮುಖ ಬ್ಯಾಟ್ಸ್‌ಮನ್ ಜಾನ್ ಸ್ಮಾಲ್ ಹತ್ತಿರದ ಪೀಟರ್ಸ್‌ಫೀಲ್ಡ್ ಪಟ್ಟಣದವನು, ಬ್ಯಾಟು ಮತ್ತು ಚೆಂಡು ಮಾಡಿ ಬದುಕಿದವನು, ಪಿಟೀಲು ನುಡಿಸುತ್ತಿದ್ದವನು. ಆಮೇಲೆ ತಂಡ ಸೇರಿದ ಶ್ರೇಷ್ಠ ಬೌಲರ್ ಡೇವಿಡ್ ಹ್ಯಾರಿಸ್ ಕುಂಬಾರ. ಹಣ ಹಾಕುತ್ತಿದ್ದವರು ಊರಾಚೆಯ ಶ್ರೀಮಂತರು ಮತ್ತು ಜಮೀನ್ದಾರರು. ಒಂದೊಂದು ಪಂದ್ಯಕ್ಕೂ ನೂರಾರು ಗಿನಿ ಬಾಜಿ ಕಟ್ಟುತ್ತಿದ್ದರು. ಬಾಜಿ ಅವರದಾದರೂ ಆಟ ಮಾತ್ರ ಸುತ್ತಲ ಹಳ್ಳಿಗಳ ದುಡಿಯುವ ಕೈಗಳದು.

1777ರ ಜೂನ್‌ನಲ್ಲಿ ಸೆವೆನೋಕ್ಸ್‌ನ ವೈನ್ ಮೈದಾನದಲ್ಲಿ ಈ ತಂಡ ಇಡೀ ಇಂಗ್ಲೆಂಡ್ ತಂಡವನ್ನು ಎದುರಿಸಿತು. ಇಂಗ್ಲೆಂಡ್ ಮೊದಲ ಇನಿಂಗ್ಸ್‌ನಲ್ಲಿ 166, ಎರಡನೆಯದರಲ್ಲಿ 69. ಹ್ಯಾಂಬಲ್ಡನ್ ಒಂದೇ ಇನಿಂಗ್ಸ್‌ನಲ್ಲಿ 403! ಜೇಮ್ಸ್ ಐಲ್‌ವರ್ಡ್ ಎಂಬ ಎಡಗೈ ಆಟಗಾರ ಒಬ್ಬನೇ 167 ರನ್ ಗಳಿಸಿದ. ಇನಿಂಗ್ಸ್ ಹಾಗೂ 168 ರನ್ನುಗಳ ಗೆಲುವು. ಉಬ್ಬುತಗ್ಗಿನ ಪಿಚ್ಚಿನಲ್ಲಿ ಹತ್ತಿಪ್ಪತ್ತು ರನ್ ಗಳಿಸಿದರೆ ಬೆನ್ನು ತಟ್ಟುತ್ತಿದ್ದ ಕಾಲವದು.

ಎರಡು ಪಂದ್ಯ, ಎರಡು ಕಟ್ಟಳೆ

1771ರ ಸೆಪ್ಟೆಂಬರ್‌ನಲ್ಲಿ ಚರ್ಟ್ಸಿ ತಂಡದ ಎದುರು ಪಂದ್ಯ. ಎದುರಾಳಿ ಥಾಮಸ್ ವೈಟ್ ವಿಕೆಟ್ಟಿನಷ್ಟೇ ಅಗಲದ ಬ್ಯಾಟು ಹಿಡಿದು ಬಂದ. ಎಂಥ ಚೆಂಡು ಹಾಕಿದರೂ ಮರದ ಗೋಡೆ ಅಡ್ಡ. ಅದನ್ನು ತಡೆಯುವ ನಿಯಮ ಆಗ ಇರಲಿಲ್ಲ. ಪಂದ್ಯ ಮುಗಿದೊಡನೆ ಬೌಲರ್ ಥಾಮಸ್ ಬ್ರೆಟ್, ನಾಯಕ ನೈರನ್ ಮತ್ತು ಜಾನ್ ಸ್ಮಾಲ್ ಸೇರಿ ಬ್ಯಾಟಿನ ಅಗಲಕ್ಕೆ ಮಿತಿ ಬೇಕೆಂದು ಬರೆದು ಸಹಿ ಮಾಡಿದರು. 1774ರ ಪರಿಷ್ಕೃತ ನಿಯಮಗಳಲ್ಲಿ ಅದು ಸೇರಿತು. ಸಹಿ ಹಾಕಿದ ಮೂವರಲ್ಲಿ ಸ್ಮಾಲ್ ಸ್ವತಃ ಬ್ಯಾಟು ಮಾಡುವವನು ಎಂಬುದನ್ನು ಗಮನಿಸಬೇಕು. ತನ್ನ ಕಸುಬಿನ ಮೇಲೆ ತಾನೇ ಮಿತಿ ಹಾಕಿಕೊಂಡ ಮನುಷ್ಯ ಅವನು.

ಎರಡನೆಯದು 1775ರ ಮೇ ತಿಂಗಳಿನದು. ಲಂಡನ್ನಿನ ಆರ್ಟಿಲರಿ ಮೈದಾನದಲ್ಲಿ ತಲಾ ಐವರ ತಂಡಗಳ ನಡುವೆ ಪಂದ್ಯ. ಕೊನೆಯ ಬ್ಯಾಟ್ಸ್‌ಮನ್ನಾಗಿ ಸ್ಮಾಲ್ ಬಂದಾಗ ಗೆಲ್ಲಲು ಬೇಕಿದ್ದದ್ದು 14 ರನ್. ಬೌಲ್ ಮಾಡುತ್ತಿದ್ದವನು ‘ಲಂಪಿ’ ಎಂದೇ ಹೆಸರಾದ ಎಡ್ವರ್ಡ್ ಸ್ಟೀವನ್ಸ್. ಆಗ ವಿಕೆಟ್ಟಿಗೆ ಎರಡೇ ಕಂಬ, ಮೇಲೊಂದು ಬೇಲ್. ಲಂಪಿಯ ಚೆಂಡು ಸ್ಮಾಲ್‌ನ ಬ್ಯಾಟನ್ನು ವಂಚಿಸಿ ಎರಡು ಕಂಬಗಳ ನಡುವಿನ ಸಂದಿಯಲ್ಲಿ ನುಸುಳಿ ಹೋಯಿತು. ಒಮ್ಮೆಯಲ್ಲ, ಮೂರು ಸಲ. ಬೇಲ್ ಬೀಳಲಿಲ್ಲ, ಹಾಗಾಗಿ ಸ್ಮಾಲ್ ಔಟಾಗಲಿಲ್ಲ. ಅವನೇ ಗೆಲುವಿನ ರನ್ ಹೊಡೆದ. ಒಳ್ಳೆಯ ಚೆಂಡಿಗೆ ಹೀಗೆ ಅನ್ಯಾಯವಾಗಬಾರದು ಎಂಬ ಮಾತು ಎದ್ದಿತು, ಮುಂದಿನ ವರ್ಷಗಳಲ್ಲಿ ನಡುವೆ ಮೂರನೆಯ ಸ್ಟಂಪ್ ಬಂತು.

ಶ್ರೀಮಂತರು ಹೋದರು, ಊರು ಉಳಿಯಿತು

1787ರಲ್ಲಿ ಥಾಮಸ್ ಲಾರ್ಡ್ ಲಂಡನ್ನಿನಲ್ಲಿ ಮೈದಾನ ತೆರೆದ. ಅದೇ ವರ್ಷ ಮೆರಿಲ್‌ಬೋನ್ ಕ್ರಿಕೆಟ್ ಕ್ಲಬ್, ಅಂದರೆ ಎಂಸಿಸಿ ಹುಟ್ಟಿತು. ಹಳ್ಳಿ ಗುಡ್ಡದ ಗಾಳಿಗಿಂತ ರಾಜಧಾನಿಯ ಅನುಕೂಲವೇ ಶ್ರೀಮಂತರಿಗೆ ಹಿಡಿಸಿತು. ಅವರ ಹಿಂದೆ ಹಣ ಹೋಯಿತು, ಹಣದ ಹಿಂದೆ ಒಳ್ಳೆಯ ಆಟಗಾರರೂ ಹೋದರು. ಹತ್ತೇ ವರ್ಷದೊಳಗೆ ದೊಡ್ಡ ಕ್ಲಬ್ಬು ಬರಿದಾಯಿತು. 1796ರ ಸೆಪ್ಟೆಂಬರ್‌ನ ನಡಾವಳಿ ಪುಸ್ತಕದಲ್ಲಿ, ಗಣ್ಯರಾರೂ ಬಂದಿಲ್ಲ ಎಂದಷ್ಟೇ ದಾಖಲಾಗಿದೆ. ಲಾರ್ಡ್ ತನ್ನ ಕೊನೆಗಾಲವನ್ನು ಕಳೆದದ್ದು ಹ್ಯಾಂಬಲ್ಡನ್‌ಗೆ ಸಮೀಪದ ವೆಸ್ಟ್ ಮಿಯೋನ್ ಎಂಬ ಹಳ್ಳಿಯಲ್ಲಿ. ಅವನ ಸಮಾಧಿಯೂ ಅಲ್ಲೇ ಇದೆ.

ಊರಿನ ಕ್ರಿಕೆಟ್ ಮಾತ್ರ ಸಾಯಲಿಲ್ಲ. ಹ್ಯಾಂಬಲ್ಡನ್ ಕ್ರಿಕೆಟ್ ಕ್ಲಬ್ ಇಂದು ಊರ ಬಳಿಯ ರಿಜ್ ಮೆಡೋ ಮೈದಾನದಲ್ಲಿ ಆಡುತ್ತದೆ. ಹಳೆಯ ಬ್ರಾಡ್‌ಹಾಫ್‌ಪೆನಿ ಬಯಲಿನಲ್ಲಿ ‘ಬ್ರಿಗ್ಯಾಂಡ್ಸ್’ ಎಂಬ ಮತ್ತೊಂದು ಕ್ಲಬ್ಬು ಆಡುತ್ತಿದೆ. ಹೋಟೆಲಿನ ಎದುರು 1908ರಲ್ಲಿ ನೆಟ್ಟ ಸ್ಮಾರಕಶಿಲೆ ಇದೆ.

ಮೈದಾನದ ಋತುಮಾನ

ಇಂಥ ಹಳ್ಳಿ ಕ್ಲಬ್ಬಿನ ವರ್ಷ ನಿಜವಾಗಿ ಶುರುವಾಗುವುದು ಕೊನೆಯ ಪಂದ್ಯ ಮುಗಿದ ಮರುದಿನ, ಸೆಪ್ಟೆಂಬರ್ ಕೊನೆಗೆ. ಪಿಚ್ಚುಗಳಿರುವ ನಡುಚೌಕವನ್ನು ರೈತ ಸಸಿಮಡಿ ಹದ ಮಾಡುವಂತೆ ಹದ ಮಾಡುತ್ತಾರೆ. ಬೇರಿನ ಬಳಿ ಕಟ್ಟಿಕೊಂಡ ಸತ್ತ ಹುಲ್ಲನ್ನು ಯಂತ್ರದಿಂದ ಕೆರೆದು ತೆಗೆಯುತ್ತಾರೆ. ಆಟಗಾರರ ತುಳಿತಕ್ಕೆ ಗಟ್ಟಿಯಾದ ನೆಲಕ್ಕೆ ಮೊಳೆ ಚುಚ್ಚಿ ಗಾಳಿ ಆಡಿಸುತ್ತಾರೆ. ರೈಗ್ರಾಸ್ ಬೀಜ ಚೆಲ್ಲಿ, ಮೇಲೆ ಜೇಡಿ ಬೆರೆತ ಮಣ್ಣನ್ನು ತೆಳುವಾಗಿ ಹರಡಿ ಸಮ ಮಾಡುತ್ತಾರೆ. ಚೆಂಡು ಪುಟಿಯುವುದು ಈ ಜೇಡಿಯ ಬಲದಿಂದ. ಮಣ್ಣು ಹೆಚ್ಚಾದರೆ ಹುಲ್ಲು ಉಸಿರುಗಟ್ಟುತ್ತದೆ, ಕಡಿಮೆಯಾದರೆ ಹೊಂಡ ಉಳಿಯುತ್ತದೆ. ಮೇ ತಿಂಗಳಲ್ಲಿ ಬ್ಯಾಟ್ಸ್‌ಮನ್ನಿನ ಮೂಗಿನ ಬಳಿ ಚೆಂಡು ಏಳದಿರಲು ಅಕ್ಟೋಬರಿನ ಈ ಕೆಲಸವೇ ಕಾರಣ.

ಚಳಿಗಾಲದಲ್ಲಿ ವಾರ್ಷಿಕ ಸಭೆ, ಲೆಕ್ಕಪತ್ರ, ಹೊಸ ನಾಯಕನ ಆಯ್ಕೆ. ಮಾರ್ಚ್ ಬಂತೆಂದರೆ ರೋಲರ್ ಹೊರಬರುತ್ತದೆ. ನೆಲ ತೀರಾ ಒದ್ದೆಯಿದ್ದರೆ ರೋಲರ್ ಹೊಡೆಯುವಂತಿಲ್ಲ, ಒಣಗಿದ ಮೇಲೆ ಹೊಡೆದರೆ ಪ್ರಯೋಜನವಿಲ್ಲ. ಈ ಹದ ಅನುಭವಸ್ಥರಿಗೇ ಗೊತ್ತು. ಏಪ್ರಿಲ್ ಕೊನೆಗೆ ಪಂದ್ಯಗಳು ಆರಂಭ. ಶನಿವಾರ ಲೀಗ್, ಭಾನುವಾರ ಸೌಹಾರ್ದ ಪಂದ್ಯ, ವಾರದ ಒಂದು ಸಂಜೆ ಮಕ್ಕಳ ತರಬೇತಿ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುವುದರಿಂದ ಕೆಲಸ ಮುಗಿಸಿ ಬಂದವರೂ ಇಪ್ಪತ್ತು ಓವರ್ ಆಡುತ್ತಾರೆ. ಇನಿಂಗ್ಸ್ ನಡುವಿನ ಚಹಾ, ಸ್ಯಾಂಡ್‌ವಿಚ್, ಮನೆಯ ಕೇಕು ಈ ಆಟದ ಅವಿಭಾಜ್ಯ ಅಂಗ. ಕೋವಿಡ್ ನಂತರ ಅನೇಕ ಲೀಗ್‌ಗಳು ಚಹಾ ಕೊಡಲೇಬೇಕೆಂಬ ನಿಯಮ ಸಡಿಲಿಸಿದವು. ಎದುರಾಳಿಯ ಜತೆ ಕೂತು ತಿನ್ನುವ ಆ ಇಪ್ಪತ್ತು ನಿಮಿಷ ಕಳೆದುಕೊಂಡರೆ ಹಳ್ಳಿ ಕ್ರಿಕೆಟ್ ಬಡವಾಗುತ್ತದೆ ಎಂದೇ ನನ್ನ ಭಾವನೆ.

ಹಳ್ಳಿ ತಂಡಗಳಿಗೆಂದೇ 1972ರಿಂದ ರಾಷ್ಟ್ರಮಟ್ಟದ ‘ವಿಲೇಜ್ ಕಪ್’ ನಡೆಯುತ್ತಿದೆ. ಮೊದಲ ಕಪ್ ಗೆದ್ದದ್ದು ಕಾರ್ನ್‌ವಾಲ್‌ನ ಟ್ರೂನ್. ಫೈನಲ್ ತಲುಪಿದರೆ ಲಾರ್ಡ್ಸ್‌ನಲ್ಲಿ ಆಡುವ ಭಾಗ್ಯ. ಬಡಗಿ, ಮೇಷ್ಟ್ರು, ರೈತ ಎಲ್ಲರೂ ಟೆಸ್ಟ್ ಆಟಗಾರರ ಮೆಟ್ಟಿಲಿಳಿದು ಮೈದಾನಕ್ಕೆ ಬರುತ್ತಾರೆ.

ಹ್ಯಾಂಬಲ್ಡನ್ ಕಥೆ ನಮ್ಮವರೆಗೆ ಬಂದದ್ದು ರಿಚರ್ಡ್‌ನ ಮಗ ಜಾನ್ ನೈರನ್ ಹೇಳಿದ ನೆನಪುಗಳಿಂದ. ಎಪ್ಪತ್ತರ ಹತ್ತಿರದಲ್ಲಿದ್ದ ಅವನ ಮಾತನ್ನು ಗೆಳೆಯ ಚಾರ್ಲ್ಸ್ ಕೌಡನ್ ಕ್ಲಾರ್ಕ್ ಬರೆದುಕೊಂಡ. 1833ರಲ್ಲಿ ಅದು ಪುಸ್ತಕವಾಯಿತು. ದೊಡ್ಡವರ ಹಣದಿಂದ ಬೆಳೆದದ್ದು ಆ ಹಣದೊಂದಿಗೇ ಹೋಯಿತು; ಊರವರು ಮೈದಾನ ನೋಡಿಕೊಂಡದ್ದರಿಂದ, ಒಬ್ಬರು ಹೇಳಿ ಇನ್ನೊಬ್ಬರು ಬರೆದದ್ದರಿಂದ ಉಳಿದದ್ದು ಇಂದಿಗೂ ಇದೆ. ನಮ್ಮೂರುಗಳಲ್ಲೂ ಗದ್ದೆ ಕೊಯ್ಲಾದ ಮೇಲೆ ಪಿಚ್ ಮಾಡಿ ಪಂದ್ಯಾವಳಿ ನಡೆಸುವ ಯುವಕರ ತಂಡಗಳಿವೆ. ನಿಮ್ಮೂರಿನ ಬಯಲು ಒತ್ತುವರಿಯಾಗದಂತೆ ಕಾಯಿರಿ. ಹಳೆಯ ಆಟಗಾರರು ಬದುಕಿರುವಾಗಲೇ ಅವರ ಹತ್ತಿರ ಕೂತು, ಆಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ.