ಪುಟ್ಟ ಮನೆಗಳ ಊರು ಡಿ ಸ್ಮೆಟ್

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ನಮ್ಮವರ ತಿರುಗಾಟದ ಪಟ್ಟಿ ಹೆಚ್ಚುಕಡಿಮೆ ಒಂದೇ: ನಯಾಗರ, ನ್ಯೂಯಾರ್ಕ್, ಗ್ರ್ಯಾಂಡ್ ಕ್ಯಾನಿಯನ್. ದಕ್ಷಿಣ ಡಕೋಟಾದ ಡಿ ಸ್ಮೆಟ್ ಆ ಪಟ್ಟಿಯಲ್ಲಿರುವುದಿಲ್ಲ. ಸಾವಿರದ ಆಸುಪಾಸಿನ ಜನ, ಅಂಗಡಿಗಳಿರುವ ಒಂದು ಬೀದಿ, ಊರು ದಾಟಿದರೆ ಕಣ್ಣು ಹಾಯುವವರೆಗೂ ಮುಸುಕಿನ ಜೋಳ, ಸೋಯಾ ಹೊಲಗಳು. ಬೆಟ್ಟವಿಲ್ಲ, ಜಲಪಾತವಿಲ್ಲ. ಆದರೆ ಲಾರಾ ಇಂಗಲ್ಸ್ ವೈಲ್ಡರ್ ಬರೆದ 'ಪುಟ್ಟ ಮನೆ' ಪುಸ್ತಕಗಳನ್ನು ಬಾಲ್ಯದಲ್ಲಿ ಓದಿದವರಿಗೆ ಈ ಊರಿನ ಒಂದೊಂದು ಮೂಲೆಯೂ ಪರಿಚಿತ. ಆ ಪುಸ್ತಕಗಳು ಕನ್ನಡಕ್ಕೂ ಬಂದಿವೆ. ಒಂಬತ್ತರಲ್ಲಿ ಕೊನೆಯ ಐದು ನಡೆಯುವುದು ಇಲ್ಲಿಯೇ.

ಊರು ಹುಟ್ಟಿದ್ದು ರೈಲಿನಿಂದ. 1880ರಲ್ಲಿ ಹಳಿ ಈ ಹುಲ್ಲುಗಾವಲಿನ ನಡುವೆ ಪಶ್ಚಿಮಕ್ಕೆ ಸಾಗಿದಾಗ ಅದರ ಬೆನ್ನಿಗೇ ಬೀದಿಯೂ ಎದ್ದಿತು. ಬೆಲ್ಜಿಯಂನಿಂದ ಬಂದು ಮೂಲನಿವಾಸಿಗಳ ನಡುವೆ ಓಡಾಡಿದ ಜೆಸ್ಯೂಟ್ ಪಾದ್ರಿ ಪಿಯೆರ್ ಜಾನ್ ಡಿ ಸ್ಮೆಟ್ ಅವರ ಹೆಸರು ಊರಿಗೆ ಬಂತು. ಲಾರಾಳ ತಂದೆ ಚಾರ್ಲ್ಸ್ ಇಂಗಲ್ಸ್ ರೈಲ್ವೆ ಕಾಮಗಾರಿಯ ಲೆಕ್ಕಪತ್ರ ನೋಡಿಕೊಳ್ಳಲು ಬಂದವರು. 1879ರ ಚಳಿಗಾಲವನ್ನು ಆ ಕುಟುಂಬ ರೈಲ್ವೆ ಸರ್ವೇಯರುಗಳ ಮನೆಯಲ್ಲಿ ಕಳೆಯಿತು. ಸಿಲ್ವರ್ ಲೇಕ್ ಕೆರೆಯ ದಂಡೆಯಲ್ಲಿದ್ದ ಆ ಮರದ ಮನೆಯನ್ನು ಆಮೇಲೆ ಊರೊಳಕ್ಕೆ ಸಾಗಿಸಿದರು. ಈಗ ಅದು ಲಾರಾ ಸ್ಮಾರಕ ಸಂಘದ ಸುಪರ್ದಿಯಲ್ಲಿದೆ. ಹನ್ನೆರಡು ವರ್ಷದ ಲಾರಾ ಅದನ್ನು ದೊಡ್ಡ ಮನೆಯೆಂದು ಬೆರಗಾಗಿ ನೋಡಿದ್ದಳು. ಒಳಗೆ ಕಾಲಿಟ್ಟರೆ ಅದೆಷ್ಟು ಚಿಕ್ಕದೆಂದು ತಿಳಿಯುತ್ತದೆ. ಅದಕ್ಕೂ ಮೊದಲು ಅವರು ಎಂಥ ಗೂಡುಗಳಲ್ಲಿ ಬದುಕಿದ್ದಿರಬೇಕು ಎಂಬುದೂ ಆಗಲೇ ಹೊಳೆಯುತ್ತದೆ.

ಡಿ ಸ್ಮೆಟ್ ನೋಡುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದದ್ದು 1880-81ರ ಚಳಿಗಾಲ. ಅಕ್ಟೋಬರಿನಲ್ಲೇ ಹಿಮದ ಬಿರುಗಾಳಿ ಶುರುವಾಗಿ ಏಪ್ರಿಲ್‌ವರೆಗೆ ಬಿಡಲಿಲ್ಲ. ದಿಣ್ಣೆ ಕಡಿದು ಹಳಿ ಹಾಸಿದ್ದ ಕಡೆಯೆಲ್ಲ ಹಿಮ ತುಂಬಿಕೊಂಡಿತು. ಕೂಲಿಗಳು ಸಲಿಕೆ ಹಿಡಿದು ತೆಗೆದಷ್ಟೂ ಮುಂದಿನ ಗಾಳಿ ಮತ್ತೆ ತುಂಬುತ್ತಿತ್ತು. ಕೊನೆಗೆ ರೈಲು ನಿಂತೇಹೋಯಿತು. ರೈಲು ನಿಂತರೆ ಊರಿಗೆ ಕಲ್ಲಿದ್ದಲಿಲ್ಲ, ಸೀಮೆಎಣ್ಣೆಯಿಲ್ಲ, ಹಿಟ್ಟಿಲ್ಲ. ಮರವೇ ಇಲ್ಲದ ನಾಡಿನಲ್ಲಿ ಸೌದೆಯ ಮಾತೇ ಇಲ್ಲ. ಆಗ ಅವರು ಒಣಹುಲ್ಲನ್ನು ಹುರಿಯಂತೆ ಬಿಗಿಯಾಗಿ ಹೊಸೆದು, ಮಡಚಿ ಒಲೆಗೆ ಹಾಕಿದರು. ಹುಲ್ಲು ಬೇಗ ಉರಿದುಹೋಗುತ್ತದೆ. ಹೀಗಾಗಿ ತಂದೆ ಮಗಳು ಕೈ ಒಡೆದು ರಕ್ತ ಬರುವಂತಾದರೂ ಹೊಸೆಯುತ್ತಲೇ ಇರಬೇಕಿತ್ತು. ಬೀಜದ ಗೋಧಿಯನ್ನು ಕಾಫಿ ಬೀಜ ಪುಡಿ ಮಾಡುವ ಪುಟ್ಟ ಗಿರಣಿಯಲ್ಲಿ ಸರದಿಯ ಮೇಲೆ ತಿರುವಿ ಬೀಸಿದರು. ಒಂದು ಹೊತ್ತಿನ ರೊಟ್ಟಿ ಮುಗಿಯುವಷ್ಟರಲ್ಲಿ ಮುಂದಿನ ಹೊತ್ತಿನದನ್ನು ಬೀಸಲು ಕೂರಬೇಕು. ಗುಂಡಿಯೊಂದನ್ನು ಬಟ್ಟೆಯ ಚೂರಿನಲ್ಲಿ ಕಟ್ಟಿ, ಬಟ್ಟೆಯ ತುದಿಯನ್ನು ಬತ್ತಿಯಾಗಿ ಹೊಸೆದು, ಗಾಡಿಯ ಕೀಲೆಣ್ಣೆಯಲ್ಲಿಟ್ಟು ತಾಯಿ ಕ್ಯಾರೊಲಿನ್ ದೀಪ ಹಚ್ಚಿದ ಕತೆಯೂ ಆ ಚಳಿಗಾಲದ ಪುಸ್ತಕ 'ದಿ ಲಾಂಗ್ ವಿಂಟರ್'ನಲ್ಲಿದೆ. ಗೋಧಿ ತೀರುವ ಹೊತ್ತಿಗೆ ಇಬ್ಬರು ಹುಡುಗರು ಹಿಮದಲ್ಲಿ ಹೋಗಿ ದೂರದ ರೈತನೊಬ್ಬನಿಂದ ಗೋಧಿ ತಂದು ಊರನ್ನು ಉಳಿಸಿದರು. ಅವರಲ್ಲೊಬ್ಬ ಅಲ್ಮಾಂಜೊ ವೈಲ್ಡರ್, ಮುಂದೆ ಲಾರಾಳ ಗಂಡ. ರೈಲು ಮತ್ತೆ ಬಂದದ್ದು ಮೇ ತಿಂಗಳಲ್ಲಿ.

ಊರಿಗೆ ಹತ್ತಿರದಲ್ಲೇ ಇರುವ ಇಂಗಲ್ಸ್ ಹೋಮ್‌ಸ್ಟೆಡ್‌ನಲ್ಲಿ ಈಗ ಮಕ್ಕಳು ಆ ಹುಲ್ಲು ಹೊಸೆಯುವುದನ್ನು ತಾವೇ ಮಾಡಿ ನೋಡಬಹುದು. 1862ರ ಹೋಮ್‌ಸ್ಟೆಡ್ ಕಾನೂನಿನಂತೆ ಸರ್ಕಾರ 160 ಎಕರೆ ಕೊಡುತ್ತಿತ್ತು. ಐದು ವರ್ಷ ಅಲ್ಲೇ ವಾಸವಿದ್ದು ಉಳುಮೆ ಮಾಡಿದರೆ ಅದು ನಿಮ್ಮದು. ಚಾರ್ಲ್ಸ್ ಹಿಡಿದ ನೆಲ ಇದೇ. ಹೆಂಡತಿಗೊಂದು, ನಾಲ್ಕು ಹೆಣ್ಣುಮಕ್ಕಳಿಗೊಂದೊಂದು ಎಂದು ಅವರು ನೆಟ್ಟ ಐದು ಕಾಟನ್‌ವುಡ್ ಮರಗಳ ತೋಪು ಅಲ್ಲಿದೆ. ನನ್ನ ಮಟ್ಟಿಗೆ ಊರಿನ ಎಲ್ಲ ಪ್ರದರ್ಶನಗಳಿಗಿಂತ ಆ ತೋಪೇ ಮೇಲು. ಊರೊಳಗೆ ಚಾರ್ಲ್ಸ್ 1887ರಲ್ಲಿ ಕಟ್ಟಿದ ಮನೆ, ಮೊದಲ ಶಾಲೆ, ಪುಸ್ತಕದಲ್ಲೂ ಬರುವ ಕ್ಯಾಲುಮೆಟ್ ಬೀದಿಯ ಲಾಫ್ಟಸ್ ಅಂಗಡಿ, ಚಾರ್ಲ್ಸ್, ಕ್ಯಾರೊಲಿನ್, ಕುರುಡಿಯಾದ ಅಕ್ಕ ಮೇರಿ ಮಲಗಿರುವ ಸ್ಮಶಾನ ಇವೆ. ಜುಲೈನಲ್ಲಿ ಬಯಲಲ್ಲೇ ಲಾರಾಳ ಕತೆಯ ನಾಟಕ ಆಡುತ್ತಾರೆ.

ಇಷ್ಟನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಸರ್ಕಾರ ಹಂಚಿದ ನೆಲ ಖಾಲಿ ನೆಲವಾಗಿರಲಿಲ್ಲ. ಅದು ಡಕೋಟಾ ಜನರದ್ದು. ಒಪ್ಪಂದಗಳ ಹೆಸರಿನಲ್ಲಿ ಅವರನ್ನು ಮೀಸಲು ಪ್ರದೇಶಗಳಿಗೆ ಸರಿಸಿದ ಮೇಲೆ ಬಂದವರು ಈ ವಲಸಿಗರು. ಮೂಲನಿವಾಸಿಗಳ ಬಗ್ಗೆ ಲಾರಾಳ ಪುಸ್ತಕಗಳಲ್ಲಿ ನೋಯಿಸುವ ಮಾತುಗಳಿವೆ. ಅಮೆರಿಕದ ಮಕ್ಕಳ ಗ್ರಂಥಾಲಯ ಸೇವೆಗಳ ಸಂಘ ತನ್ನ ಪ್ರಶಸ್ತಿಯೊಂದರಿಂದ 2018ರಲ್ಲಿ ಅವಳ ಹೆಸರನ್ನು ತೆಗೆದದ್ದು ಇದೇ ಕಾರಣಕ್ಕೆ. ಆ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ. ಪುಸ್ತಕಗಳನ್ನು ಓದುವುದನ್ನು ಮಾತ್ರ ಬಿಡಬೇಕಿಲ್ಲ. ಹುಲ್ಲು ಹೊಸೆದ ಕೈಗಳ ಕಷ್ಟವೂ ನಿಜ, ನೆಲ ಕಳೆದುಕೊಂಡವರ ನೋವೂ ನಿಜ. ಮಕ್ಕಳಿಗೆ ಎರಡನ್ನೂ ಹೇಳಬೇಕು.

ಹೋಗುವವರು ಬೇಸಿಗೆಯಲ್ಲೇ, ಜೂನ್‌ನಿಂದ ಆಗಸ್ಟ್‌ವರೆಗೆ, ಹೋಗಿ. ಪೂರ್ವಕ್ಕೆ ಸುಮಾರು 65 ಕಿಲೋಮೀಟರ್ ದೂರದ ಬ್ರೂಕಿಂಗ್ಸ್‌ನಲ್ಲಿ ಇಳಿದು, ಅಲ್ಲಿನ ಕಲಾ ಸಂಗ್ರಹಾಲಯದಲ್ಲಿ ಇದೇ ಸೀಮೆಯ ಹಾರ್ವೆ ಡನ್ ಬಿಡಿಸಿದ ಹುಲ್ಲುಗಾವಲಿನ ಚಿತ್ರಗಳನ್ನು ಮೊದಲು ನೋಡಿ. ಜೊತೆಗೆ ಮೊಮ್ಮಕ್ಕಳಿದ್ದರೆ ಹೊರಡುವ ಮುಂಚೆ 'ದಿ ಲಾಂಗ್ ವಿಂಟರ್' ಅನ್ನು ಅವರಿಗೆ ಓದಿ ಹೇಳಿ. ಅದನ್ನು ಓದದೆ ಹೋದರೆ ಡಿ ಸ್ಮೆಟ್‌ನಲ್ಲಿ ಕಾಣುವುದು ಬರೀ ಹಳೆಯ ಮರದ ಮನೆಗಳು.