ಬೆಲ್ಟು ಬದಲಾದರೆ ಶ್ರುತಿಯೂ ಸರಿಯುತ್ತದೆ

ಎಲ್‌ಪಿ ಎಂದು ಹೆಸರಾದ ದೊಡ್ಡ ಧ್ವನಿಮುದ್ರಿಕೆಯು ನಿಮಿಷಕ್ಕೆ 33⅓ ಸುತ್ತು, ಅಂದರೆ ಒಂದು ಸುತ್ತಿಗೆ ಸರಿಯಾಗಿ 1.8 ಸೆಕೆಂಡಿನ ಲೆಕ್ಕದಲ್ಲಿ ತಿರುಗಬೇಕು. ಈ ವೇಗದ ತಟ್ಟೆಗಳನ್ನು ಅಮೆರಿಕದ ಕೊಲಂಬಿಯಾ ಕಂಪನಿ 1948ರಲ್ಲಿ ಮಾರುಕಟ್ಟೆಗೆ ತಂದಿತು. ಮರುವರ್ಷ ಆರ್‌ಸಿಎ ವಿಕ್ಟರ್ ಕಂಪನಿ ನಿಮಿಷಕ್ಕೆ 45 ಸುತ್ತು ತಿರುಗುವ ಚಿಕ್ಕ ತಟ್ಟೆಯನ್ನು ಹೊರತಂದ ಮೇಲೆ, ಎರಡೂ ವೇಗಗಳಲ್ಲಿ ನಡೆಯುವುದು ಟರ್ನ್‌ಟೇಬಲ್ಲಿಗೆ ಅನಿವಾರ್ಯವಾಯಿತು. ವೇಗ ತಪ್ಪಿದರೆ ಹಾಡಿನ ಲಯವಷ್ಟೇ ಅಲ್ಲ, ಶ್ರುತಿಯೂ ಅದರ ಜೊತೆಯಲ್ಲೇ ಸರಿಯುತ್ತದೆ. ತಟ್ಟೆ ನೂರಕ್ಕೆ ಆರರಷ್ಟು ಜೋರಾಗಿ ತಿರುಗಿದರೆ ಶ್ರುತಿ ಹಾರ್ಮೋನಿಯಂನ ಒಂದು ಮನೆಯಷ್ಟು ಏರುತ್ತದೆ. ಯಕ್ಷಗಾನದ ಭಾಗವತರ ಮಾತಿನಲ್ಲಿ ಹೇಳುವುದಾದರೆ, ಬಿಳಿ ಒಂದರಲ್ಲಿ ಹಾಡಿದ್ದು ಕಪ್ಪು ಒಂದಕ್ಕೆ ಏರಿ ಕುಳಿತಿರುತ್ತದೆ. ಕೇಳುಗರಲ್ಲಿ ಬಹುಪಾಲು ಜನರಿಗೆ ಇದು ತಪ್ಪೆಂದು ತೋರದೆ, ಗಾಯಕರ ದನಿಯೇ ಕೊಂಚ ಎಳೆಯದಾಗಿದೆ ಎಂದಷ್ಟೇ ತೋರುವುದರಿಂದ ದೋಷವು ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯಬಹುದು.

ಮೋಟಾರಿನ ತಿರುಗುವಿಕೆಯನ್ನು ಪ್ಲ್ಯಾಟರಿಗೆ, ಅಂದರೆ ಧ್ವನಿಮುದ್ರಿಕೆಯನ್ನು ಹೊತ್ತು ತಿರುಗುವ ಭಾರದ ಚಕ್ರಕ್ಕೆ, ದಾಟಿಸುವ ವಿಧಾನಗಳು ಮುಖ್ಯವಾಗಿ ಮೂರು. ಇಂಗ್ಲೆಂಡಿನ ಗ್ಯಾರಾರ್ಡ್ 301ರಂಥ ಹಳೆಯ ಯಂತ್ರಗಳಲ್ಲಿ ಮೋಟಾರಿಗೂ ಪ್ಲ್ಯಾಟರಿಗೂ ನಡುವೆ ರಬ್ಬರಿನ ಅಂಚುಳ್ಳ ಗಾಲಿಯೊಂದು ಒತ್ತಿಕೊಂಡು ತಿರುಗುತ್ತಿತ್ತು. ಶಕ್ತಿಗೆ ಕೊರತೆಯಿಲ್ಲದಿದ್ದರೂ ಮೋಟಾರಿನ ಅದುರು ಗಾಲಿಯ ಮೂಲಕ ಮುಳ್ಳಿನವರೆಗೆ ಹರಿದು, ಹಾಡಿನ ಅಡಿಯಲ್ಲಿ ಗುಡುಗಿನಂಥ ಸಣ್ಣ ಮೊರೆತವಾಗಿ ಕೇಳಿಬರುವ ಅಪಾಯವಿತ್ತು. 1961ರಲ್ಲಿ ಎಡ್ಗರ್ ವಿಲ್ಚರ್ ಅಮೆರಿಕದ ಅಕೌಸ್ಟಿಕ್ ರಿಸರ್ಚ್ ಕಂಪನಿಗಾಗಿ ರೂಪಿಸಿದ ಯಂತ್ರವು ಗಾಲಿಯ ಬದಲು ತೆಳುವಾದ ರಬ್ಬರ್ ಬೆಲ್ಟನ್ನು ಬಳಸಿ, ಆ ಅದುರನ್ನು ಬೆಲ್ಟಿನ ಮೈಯಲ್ಲೇ ಹೀರಿಸಿಬಿಟ್ಟಿತು. ಮನೆಬಳಕೆಯ ಒಳ್ಳೆಯ ಟರ್ನ್‌ಟೇಬಲ್ ಎಂದರೆ ಬೆಲ್ಟಿನದ್ದು ಎಂಬ ಭಾವನೆ ಬೇರೂರುವುದರಲ್ಲಿ ಆ ಯಂತ್ರದ ಪಾಲು ದೊಡ್ಡದು. ಮೋಟಾರಿನ ದಂಡದ ಮೇಲೆಯೇ ಪ್ಲ್ಯಾಟರನ್ನು ಕೂರಿಸುವ ಮೂರನೆಯ ವಿಧಾನ, ಜಪಾನಿನ ಟೆಕ್ನಿಕ್ಸ್ ಯಂತ್ರಗಳ ಮೂಲಕ ಹೆಸರು ಮಾಡಿದ್ದು, ಇಲ್ಲಿನ ಚರ್ಚೆಗೆ ಸೇರಿದ್ದಲ್ಲ. ಅದರಲ್ಲಿ ಬದಲಿಸಲು ಬೆಲ್ಟೇ ಇಲ್ಲ.

ರಬ್ಬರಿಗೆ ಆಯುಷ್ಯವಿದೆ. ಬಳಸಿದ ಬೆಲ್ಟು ಹಿಗ್ಗಿ ಸಡಿಲಾಗುತ್ತದೆ. ಬಳಸದೆ ಬಿಟ್ಟದ್ದು ಪುಲ್ಲಿಯ, ಅಂದರೆ ಮೋಟಾರಿನ ದಂಡಕ್ಕೆ ಕೂರಿಸಿದ ಸಣ್ಣ ರಾಟೆಯ, ಮೇಲೆ ಬಾಗಿದ ಭಂಗಿಯಲ್ಲೇ ಗಟ್ಟಿಯಾಗಿ, ಪ್ರತಿ ಸುತ್ತಿಗೂ ಒಂದೊಂದು ಕುಲುಕು ಕೊಡುತ್ತದೆ. ಇನ್ನು ಕೆಲವು ಕರಗಿದ ಬೆಲ್ಲದ ಹಾಗೆ ಅಂಟಾಗಿ ಪ್ಲ್ಯಾಟರಿನ ಒಳಅಂಚಿಗೆ ಮೆತ್ತಿಕೊಳ್ಳುತ್ತವೆ. ಗುಂಡಿ ಒತ್ತಿದ ಮೇಲೆ ತಟ್ಟೆ ವೇಗ ಹಿಡಿಯಲು ತಡಮಾಡುವುದು, ವೀಣೆಯ ನೀಳವಾದ ಮೀಟು ಗಮಕವಿಲ್ಲದೆಡೆಯಲ್ಲೂ ತೂಗಾಡುವುದು ಬೆಲ್ಟು ಸೋತಿರುವುದರ ಗುರುತುಗಳು. ಈ ನಿಧಾನವಾದ ತೂಗಾಟವನ್ನು ತಂತ್ರಜ್ಞರು ‘ವಾವ್’ ಎಂದೂ, ಅದಕ್ಕಿಂತ ಚುರುಕಾದ ನಡುಕವನ್ನು ‘ಫ್ಲಟರ್’ ಎಂದೂ ಕರೆಯುತ್ತಾರೆ.

ಹೊಸ ಬೆಲ್ಟನ್ನು ಆರಿಸುವಾಗ ಎಲ್ಲರ ಗಮನವೂ ಉದ್ದದ ಮೇಲಿರುತ್ತದೆ. ಯಂತ್ರದ ಮಾದರಿಯ ಸಂಖ್ಯೆ ಹೇಳಿ ಅದಕ್ಕೆಂದೇ ತಯಾರಾದ ಬೆಲ್ಟನ್ನು ಕೊಳ್ಳುವುದೇ ನಿರಾಳ. ಅದು ದೊರೆಯದಿದ್ದರೆ ಬೆಲ್ಟು ಹಾಯುವ ದಾರಿಯ ಸುತ್ತ, ಅಂದರೆ ಪ್ಲ್ಯಾಟರಿನ ಅಂಚು ಮತ್ತು ಪುಲ್ಲಿಯನ್ನು ಬಳಸಿ, ದಾರ ಸುತ್ತಿ ಅಳೆದು, ಆ ಅಳತೆಗಿಂತ ನೂರಕ್ಕೆ ಸುಮಾರು ಐದರಷ್ಟು ಚಿಕ್ಕದನ್ನು ತರಬೇಕಾಗುತ್ತದೆ. ಹಿಗ್ಗಿದ ಹಳೆಯ ಬೆಲ್ಟನ್ನೇ ಅಳತೆಯಾಗಿ ಅಂಗಡಿಗೆ ಒಯ್ದವರು ಸಡಿಲವಾದದ್ದನ್ನೇ ಮತ್ತೆ ತರುತ್ತಾರೆ. ಆದರೆ ವೇಗವನ್ನು ನಿರ್ಧರಿಸುವುದು ಉದ್ದವಲ್ಲ, ದಪ್ಪ. ಪುಲ್ಲಿಯನ್ನು ಸುತ್ತಿದ ಬೆಲ್ಟಿನ ಒಳಮೈ ಕುಗ್ಗಿ ಹೊರಮೈ ಹಿಗ್ಗುವುದರಿಂದ, ಎರಡರ ನಡುವಿನ ಪದರವೇ ನಿಜವಾದ ವೇಗವನ್ನು ಹೊತ್ತೊಯ್ಯುತ್ತದೆ. ಹಾಗಾಗಿ ಪುಲ್ಲಿಯ ವ್ಯಾಸಕ್ಕೆ ಬೆಲ್ಟಿನ ದಪ್ಪವನ್ನು ಕೂಡಿಸಿ ಲೆಕ್ಕ ಹಾಕಬೇಕಾಗುತ್ತದೆ. ನಿಮಿಷಕ್ಕೆ 250 ಸುತ್ತು ತಿರುಗುವ ಮೋಟಾರು, 1 ಮಿಲಿಮೀಟರ್ ದಪ್ಪದ ಬೆಲ್ಟನ್ನೂ ಸೇರಿಸಿ 20 ಮಿಲಿಮೀಟರ್ ವ್ಯಾಸದ ಪುಲ್ಲಿ, ಹಾಗೆಯೇ ಅಳೆದರೆ 150 ಮಿಲಿಮೀಟರ್ ವ್ಯಾಸದ ಒಳಪ್ಲ್ಯಾಟರ್ (ಪ್ಲ್ಯಾಟರಿನ ಅಡಿಯಲ್ಲಿ ಬೆಲ್ಟು ಸುತ್ತುವ ಚಿಕ್ಕ ಚಕ್ರ) ಇರುವ ಯಂತ್ರವೊಂದನ್ನು ಊಹಿಸಿಕೊಂಡರೆ, ತಟ್ಟೆಯ ವೇಗ ಸರಿಯಾಗಿ 33⅓ ಬರುತ್ತದೆ. ಅದೇ ಯಂತ್ರಕ್ಕೆ ಒಂದೂವರೆ ಮಿಲಿಮೀಟರ್ ದಪ್ಪದ ಬೆಲ್ಟು ತೊಡಿಸಿದರೆ ಒಂದು ಕಡೆ 20.5, ಇನ್ನೊಂದು ಕಡೆ 150.5 ಆಗಿ, ತಟ್ಟೆಯ ವೇಗ ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚೇ ಏರುತ್ತದೆ. ಇಪ್ಪತ್ತು ನಿಮಿಷದ ಒಂದು ಬದಿ ಸುಮಾರು 25 ಸೆಕೆಂಡು ಮೊದಲೇ ಮುಗಿಯುತ್ತದೆ. ಶ್ರುತಿ ಹಾರ್ಮೋನಿಯಂನ ಒಂದು ಮನೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಏರಿರುತ್ತದೆ. ಅರ್ಧ ಮಿಲಿಮೀಟರ್ ರಬ್ಬರಿನ ಪ್ರತಾಪ ಇಷ್ಟು. ಬೆಲ್ಟು ಬದಲಿಸಿದವರು ವೇಗವನ್ನೂ ಅಳೆದೇ ನೋಡಬೇಕೆನ್ನುವುದಕ್ಕೆ ಇದೇ ಕಾರಣ.

ತೊಡಿಸುವ ಕೆಲಸ ಕಷ್ಟದ್ದಲ್ಲ, ಅವಸರ ಒಪ್ಪದ್ದು. ವಿದ್ಯುತ್ ಪ್ಲಗ್ಗನ್ನು ಕಿತ್ತು, ಮುಳ್ಳಿಗೆ ಮುಚ್ಚಳ ಹಾಕಿ, ತೋಳನ್ನು ಅದರ ಆಸರೆಗೆ ಕಟ್ಟಿದ ನಂತರವೇ ಪ್ಲ್ಯಾಟರಿಗೆ ಕೈ ಹಾಕಬೇಕು. ಪ್ಲ್ಯಾಟರನ್ನು ಎತ್ತಿದಾಗ ಕಾಣುವ ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ಕಿನ ಪುಲ್ಲಿಯನ್ನೂ ಬೆಲ್ಟು ಕೂರುವ ಅಂಚನ್ನೂ ಐಸೋಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ, ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ ಒರೆಸಬೇಕು. ಹಳೆಯ ರಬ್ಬರಿನ ಸಣ್ಣ ಗಂಟೊಂದು ಪುಲ್ಲಿಯ ಮೇಲೆ ಉಳಿದರೂ ಪುಲ್ಲಿಯ ಪ್ರತಿ ಸುತ್ತಿಗೆ ಒಂದರಂತೆ ತಟ್ಟೆ ಅದುರುತ್ತದೆ. ಕೈಗಳಲ್ಲಿ ಎಣ್ಣೆಯ ಅಂಶ ಇರಬಾರದು. ಬೆಲ್ಟನ್ನು ಒಳಪ್ಲ್ಯಾಟರಿಗೆ ಸುತ್ತುವ ಯಂತ್ರಗಳಲ್ಲಿ ಕೆಲಸ ನೇರ. ಪ್ಲ್ಯಾಟರಿನ ಅಡಿಯಲ್ಲಿರುವ ಅಂಚಿಗೆ ಬೆಲ್ಟನ್ನು ಸುತ್ತಿ, ಮೇಲಿನ ಕಿಂಡಿಯ ಮೂಲಕ ಪುಲ್ಲಿಗೆ ಏರಿಸಬೇಕಾದ ಯಂತ್ರಗಳಲ್ಲಿ ಜಡೆಗೆ ಕಟ್ಟುವ ರಿಬ್ಬನ್ನಿನ ತುಂಡೊಂದು ಬಹಳ ನೆರವಿಗೆ ಬರುತ್ತದೆ: ಅದನ್ನು ಬೆಲ್ಟಿನೊಳಗಿಂದ ಹಾಯಿಸಿ, ಎರಡೂ ತುದಿಗಳನ್ನು ಕಿಂಡಿಯಿಂದ ಮೇಲಕ್ಕೆ ತೆಗೆದು, ಪ್ಲ್ಯಾಟರನ್ನು ನಡುದಂಡಕ್ಕೆ ಕೂರಿಸಿ, ಕಿಂಡಿ ಪುಲ್ಲಿಯ ನೇರಕ್ಕೆ ಬಂದಾಗ ರಿಬ್ಬನ್ನನ್ನು ಎಳೆದರೆ ಬೆಲ್ಟು ಹಿಗ್ಗಿ ಪುಲ್ಲಿಯನ್ನು ದಾಟಿ ಬರುತ್ತದೆ. ರಿಬ್ಬನ್ನಿನ ಒಂದು ತುದಿ ಬಿಟ್ಟು ಇನ್ನೊಂದನ್ನು ಎಳೆದರೆ ಬೆಲ್ಟು ತನ್ನ ಜಾಗಕ್ಕೆ ಟಪ್ಪನೆ ಕೂರುತ್ತದೆ. ಆಮೇಲೆ ಪ್ಲಗ್ ಹಾಕುವ ಮೊದಲು ಪ್ಲ್ಯಾಟರನ್ನು ಕೈಯಿಂದಲೇ ಇಪ್ಪತ್ತು ಮೂವತ್ತು ಸುತ್ತು ತಿರುಗಿಸಬೇಕು. ಎಲ್ಲಿಯಾದರೂ ಹುರಿಗೊಂಡಿದ್ದರೆ ಆಗಲೇ ಕಾಣುತ್ತದೆ. ಪುಲ್ಲಿಯ ಮೈ ನಡುವೆ ತುಸು ಉಬ್ಬಿ ಮೃದಂಗದ ಹೊಟ್ಟೆಯಂತಿದ್ದರೆ ಅದು ದೋಷವಲ್ಲ. ಚಪ್ಪಟೆ ಬೆಲ್ಟು ಯಾವಾಗಲೂ ಉಬ್ಬಿನ ನೆತ್ತಿಯ ಕಡೆಗೇ ಏರುವುದರಿಂದ, ಹಾಗೆ ಮಾಡಿದರೆ ಅದು ಜಾರಿ ಬೀಳದೆ ನಡುವೆ ನಿಲ್ಲುತ್ತದೆ.

ವೇಗವನ್ನು ಅಳೆಯಲು ಹಣ ಖರ್ಚಾಗಬೇಕಿಲ್ಲ. ಪ್ಲ್ಯಾಟರಿನ ಅಂಚಿಗೆ ಕಾಗದದ ಚೂರೊಂದನ್ನು ಅಂಟಿಸಿ, ನೂರು ಸುತ್ತಿಗೆ ಹಿಡಿದ ಸಮಯವನ್ನು ಗಡಿಯಾರದಲ್ಲಿ ನೋಡಿದರೆ ಸಾಕು. ಅದು ಸರಿಯಾಗಿ ಮೂರು ನಿಮಿಷವಿರಬೇಕು, ಒಂದು ಸೆಕೆಂಡು ಆಚೀಚೆಯಾದರೆ ತಪ್ಪು ನೂರಕ್ಕೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಇನ್ನೂ ಸೂಕ್ಷ್ಮವಾದ ಸಾಧನ ಸ್ಟ್ರೋಬ್ ತಟ್ಟೆ, ಅಂದರೆ ಸಮದೂರದ ಕಪ್ಪು ಗೆರೆಗಳನ್ನು ವೃತ್ತಾಕಾರವಾಗಿ ಮುದ್ರಿಸಿದ ಹಲಗೆ. ಭಾರತದ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದಾದ್ದರಿಂದ ಅದರಿಂದ ಉರಿಯುವ ನಿಯಾನ್ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. 180 ಗೆರೆಗಳ ತಟ್ಟೆ 33⅓ರ ವೇಗದಲ್ಲಿ ತಿರುಗುವಾಗ ಪ್ರತಿ ಮಿನುಗಿಗೆ ಒಂದೊಂದು ಗೆರೆ ಮುಂದಿನದರ ಜಾಗಕ್ಕೆ ಬಂದು ನಿಲ್ಲುವುದರಿಂದ ಗೆರೆಗಳು ಅಲುಗಾಡದಂತೆ ಕಾಣುತ್ತವೆ. ಅಮೆರಿಕದ 60 ಆವರ್ತದ ವಿದ್ಯುತ್ತಿಗೆ ಬೇಕಾದದ್ದು 216 ಗೆರೆಗಳ ವೃತ್ತ. ಎರಡೂ ಒಂದೇ ತಟ್ಟೆಯಲ್ಲಿ ಅಚ್ಚಾಗಿದ್ದರೆ ತಪ್ಪು ವೃತ್ತವನ್ನು ನೋಡಿ ಗಾಬರಿಪಡುವುದು ಸಾಮಾನ್ಯ. ಗೆರೆಗಳು ತಟ್ಟೆ ತಿರುಗುವ ದಿಕ್ಕಿಗೇ ತೇಲಿದರೆ ವೇಗ ಹೆಚ್ಚು, ಹಿಂದಕ್ಕೆ ತೇಲಿದರೆ ಕಡಿಮೆ; ನಿಮಿಷಕ್ಕೆ 60 ಗೆರೆ ಸರಿದರೆ ತಪ್ಪು ನೂರಕ್ಕೆ ಒಂದು. ಎಲ್‌ಇಡಿ ಬಲ್ಬುಗಳಲ್ಲಿ ಹಲವು ಈ ಲೆಕ್ಕಕ್ಕೆ ಮಿನುಗುವುದಿಲ್ಲ, ಬಿಸಿಲಂತೂ ಮಿನುಗುವುದೇ ಇಲ್ಲ. ಹಳೆಯ ಚೋಕು ಇರುವ ಟ್ಯೂಬ್‌ಲೈಟಿನ ಕೆಳಗೆ ಗೆರೆಗಳು ಚೆನ್ನಾಗಿ ಕಾಣುತ್ತವೆ. ಮುಳ್ಳಿನ ಎಳೆತವೂ ತುಸು ತಡೆಯೊಡ್ಡುವುದರಿಂದ ಅಳತೆಯನ್ನು ಮುಳ್ಳು ಓಡುತ್ತಿರುವಾಗಲೇ ತೆಗೆದುಕೊಳ್ಳುವುದು ಯುಕ್ತ.

ತಪ್ಪು ಕಂಡ ಮೇಲೆ ಏನು ಮಾಡಬೇಕೆನ್ನುವುದು ಮೋಟಾರಿನ ಜಾತಿಯನ್ನು ಅವಲಂಬಿಸಿದೆ. ಡಿಸಿ ಮೋಟಾರು, ಅಂದರೆ ಬ್ಯಾಟರಿಯಂತೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಿನ ಮೋಟಾರು ಇದ್ದರೆ, ಯಂತ್ರದ ಅಡಿಯಲ್ಲೋ ಮೋಟಾರಿನ ಡಬ್ಬಿಯ ತಳದಲ್ಲೋ ಇರುವ ಸಣ್ಣ ತೂತಿನೊಳಗೆ ತೆಳುವಾದ ಸ್ಕ್ರೂಡ್ರೈವರಿನಿಂದ ತಿರುಗಿಸುವ ತಿರುಪೊಂದು ಸಾಮಾನ್ಯವಾಗಿ ಇರುತ್ತದೆ. ಎರಡು ವೇಗಗಳಿಗೆ ಎರಡು ತಿರುಪುಗಳಿದ್ದರೆ ಮೊದಲು 33ರದ್ದನ್ನು, ನಂತರ 45ರದ್ದನ್ನು ಸರಿಪಡಿಸಿ, ಮತ್ತೆ ಮೊದಲಿನದನ್ನು ಪರೀಕ್ಷಿಸಬೇಕು. ಯಂತ್ರ ಹತ್ತು ಹದಿನೈದು ನಿಮಿಷ ಓಡಿ ಬೆಚ್ಚಗಾದ ಮೇಲೆ, ತಿರುಪನ್ನು ಕೂದಲೆಳೆಯಷ್ಟು ಮಾತ್ರ ಸರಿಸುತ್ತಾ ಹೋಗುವುದು ಕ್ರಮ. ತಳ ಬಿಚ್ಚಿದ ಯಂತ್ರದೊಳಗೆ 230 ವೋಲ್ಟ್ ಹರಿಯುವ ತಂತಿ ಇರಬಹುದೆಂಬ ಎಚ್ಚರವೂ ಇರಲಿ.

ಎಸಿ ಸಿಂಕ್ರೋನಸ್ ಮೋಟಾರಿಗೆ ಇಂಥ ತಿರುಪಿಲ್ಲ. ಅದು ವಿದ್ಯುತ್ತಿನ ಆವರ್ತಕ್ಕೆ ಹೆಜ್ಜೆ ಹಾಕಿ ತಿರುಗುವುದರಿಂದ, ವೇಗ ಬದಲಾಗಬೇಕಾದರೆ ಪುಲ್ಲಿಯೋ ಬೆಲ್ಟೋ ಆವರ್ತವೋ ಬದಲಾಗಬೇಕು. ಅಮೆರಿಕದಿಂದ ಬೆಂಗಳೂರಿಗೋ ಮೈಸೂರಿಗೋ ಮರಳಿದ ಕುಟುಂಬಗಳ ಸಾಮಾನಿನೊಂದಿಗೆ ಬರುವ ಟರ್ನ್‌ಟೇಬಲ್ಲುಗಳ ತೊಡಕು ಇಲ್ಲಿಯೇ ಇದೆ. 230 ವೋಲ್ಟನ್ನು 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ತಂದು ಜೋಡಿಸಿದರೂ ಆವರ್ತ 50ರಲ್ಲೇ ಉಳಿಯುವುದರಿಂದ, 60ಕ್ಕೆಂದು ಮಾಡಿದ ಯಂತ್ರದಲ್ಲಿ ಎಲ್‌ಪಿ ನಿಮಿಷಕ್ಕೆ 27.8 ಸುತ್ತು ಮಾತ್ರ ತಿರುಗಿ ಶ್ರುತಿ ಮೂರು ಮನೆಗೂ ಕೆಳಗೆ ಜಾರುತ್ತದೆ. ಸ್ವಿಚ್ಚನ್ನು 45ಕ್ಕೆ ತಿರುಗಿಸಿದರೆ 37.5 ಬಂದು, ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದಾಗುತ್ತದೆ. ಬೆಲ್ಟು ಬದಲಿಸಿದರೆ ಇದು ಸರಿಹೋಗದು. ಅದೇ ಮಾದರಿಗೆ 50 ಆವರ್ತಕ್ಕೆಂದು ತಯಾರಾದ, ಬೆಲ್ಟೂ ಸೇರಿ 1.2 ಪಟ್ಟು ವ್ಯಾಸದ ಪುಲ್ಲಿ ಬೇಕು, ಇಲ್ಲವೇ 60 ಆವರ್ತವನ್ನು ತಾನೇ ಹುಟ್ಟಿಸಿಕೊಡುವ ವಿದ್ಯುತ್ ಪೆಟ್ಟಿಗೆ ಬೇಕು.

ಇಷ್ಟೆಲ್ಲ ಮಾಡಿ ಗೆರೆಗಳನ್ನು ನಿಲ್ಲಿಸಿದ ಮೇಲೂ ಅಟ್ಟದ ಮೇಲಿನ ಅರಗಿನ ತಟ್ಟೆಗಳ ವಿಷಯ ಬೇರೆ. 78ರ ತಟ್ಟೆಗಳೆಂದು ಕರೆದರೂ, 60 ಆವರ್ತದ ದೇಶಗಳಲ್ಲಿ ಅವುಗಳ ವೇಗ 78.26, 50ರ ದೇಶಗಳಲ್ಲಿ 77.92 ಎಂದು ನೆಲೆನಿಂತಿತು. ಅದಕ್ಕೂ ಹಿಂದಿನ, ಭಾರವನ್ನೋ ಸ್ಪ್ರಿಂಗನ್ನೋ ನೆಚ್ಚಿದ ಯಂತ್ರಗಳಲ್ಲಿ ಮುದ್ರಿಸಿದವು ಇಂಥದೇ ವೇಗದವೆಂದು ಹೇಳುವಂತಿಲ್ಲ. ಅವುಗಳಿಗೆ ಸ್ಟ್ರೋಬ್ ತಟ್ಟೆ ಸಾಕ್ಷಿ ನುಡಿಯದು. ಹಿಂದೆ ಮಿಡಿಯುವ ಹಾರ್ಮೋನಿಯಂ ಯಾವ ಮನೆಯಲ್ಲಿದ್ದಿರಬಹುದು, ಗಾಯಕಿಯ ಕಂಠ ಎಲ್ಲಿ ಸಹಜವಾಗಿ ನಿಲ್ಲುತ್ತದೆ ಎಂದು ಕಿವಿಯಿಂದಲೇ ಅಂದಾಜಿಸಿ, ವೇಗದ ತಿರುಪನ್ನು ಅಲ್ಲಿಗೆ ತಂದು ನಿಲ್ಲಿಸಬೇಕಾಗುತ್ತದೆ.